ದುರುಗಪ್ಪನ ಎದೆಯ ಚಿತ್ರ

ಅಂಬಕ್ಕನ ತಾಯಿಯ ಮುಂಗೈ ಮೇಲೆ ಒಂದು ತೊಟ್ಟಿಲಿನ ಹಚ್ಚೆಯಿತ್ತು. ತೊಟ್ಟಿಲಿಗೆ ಮೂರೇ ಸರಪಳಿ. ನಾಲ್ಕನೆಯದನ್ನು ಚುಚ್ಚುವ ಹೊತ್ತಿಗೆ ಆಗ ಎಂಟು ವರ್ಷದವಳಾಗಿದ್ದ ತಾಯಿ ನೋವು ತಾಳಲಾರದೆ ಕೈ ಕಿತ್ತುಕೊಂಡು ಓಡಿ ಜೋಳದ ಹೊಲದಲ್ಲಿ ಅಡಗಿ ಕೂತಿದ್ದಳಂತೆ. ಮುಂದೆ ಎಪ್ಪತ್ತು ವರ್ಷ ಆ ತೊಟ್ಟಿಲು ಒಂದು ಕಡೆ ವಾಲಿಕೊಂಡೇ ಇತ್ತು. ಮಕ್ಕಳು ಮೊಮ್ಮಕ್ಕಳೆಲ್ಲ ಅದನ್ನು ಮುಟ್ಟಿ ನೋಡಿ ನಕ್ಕವರೇ.

ತಾಯಿ ತೀರಿಕೊಂಡು ವರ್ಷವಾದಾಗ ಗೋಡೆಗೆ ಹಾಕಲೆಂದು ಅಂಬಕ್ಕ ಮೇಘಕೋಶದಿಂದ ಹಳೆಯ ಫೋಟೊವೊಂದನ್ನು ತೆಗೆಸಿ, ದೊಡ್ಡದು ಮಾಡಿಸಿ ತಂದಳು. ತಾಯಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಾಗ ತೆಗೆದದ್ದು. ಕಟ್ಟು ಹಾಕಿಸಿದ ಫೋಟೊವನ್ನು ಸೆರಗಿನಿಂದ ಒರೆಸುತ್ತಿದ್ದವಳ ಕೈ ನಿಂತಿತು. ತೊಟ್ಟಿಲಿಗೆ ನಾಲ್ಕು ಸರಪಳಿಗಳಿದ್ದವು.

"ಇದು ನಮ್ಮವ್ವನ ಕೈ ಅಲ್ಲ" ಎಂದಳು.

ಗಂಡ ಬನಪ್ಪ ಕೈಮಗ್ಗದಿಂದ ಎದ್ದು ಬಂದು ಕನ್ನಡಕ ಏರಿಸಿ ನೋಡಿದ. "ಮಾರಿ ಅವರದ ಐತಲ್ಲ. ಅಂಗಡ್ಯಾವ ಚಂದ ಕಾಣ್ಲಿ ಅಂತ ತಿದ್ದಿರಬೇಕು ತಗೋ."

ಅಂಗಡಿಯವನು ದೇವರ ಮೇಲೆ ಆಣೆ ಮಾಡಿದ. ಮೇಘಕೋಶದಿಂದ ಬಂದದ್ದನ್ನು ಅಚ್ಚು ಹಾಕಿದ್ದಷ್ಟೇ ತಾನು. ಅಂಬಕ್ಕ ತಾಯಿಯ ಉಳಿದ ಫೋಟೊಗಳನ್ನು ಒಂದೊಂದಾಗಿ ತೆರೆದಳು. ತಂಗಿಯ ಮದುವೆಯದು, ಆಸ್ಪತ್ರೆಯದು, ಬಾವಿಕಟ್ಟೆಯದು. ಎಲ್ಲದರಲ್ಲೂ ನಾಲ್ಕು. ಮೂರು ಸರಪಳಿಯ ತೊಟ್ಟಿಲು ಈಗ ಅವಳ ನೆನಪಿನಲ್ಲಿ ಬಿಟ್ಟು ಬೇರೆಲ್ಲೂ ಉಳಿದಿರಲಿಲ್ಲ.

ಆ ವರ್ಷಗಳಲ್ಲಿ ಫೋನಿನೊಳಗೆ ಏನನ್ನೂ ಇಟ್ಟುಕೊಳ್ಳುವ ಪದ್ಧತಿ ಹೋಗಿತ್ತು. ಫೋನೆಂದರೆ ಒಂದು ಗಾಜಿನ ಹಾಳೆ, ಅಷ್ಟೆ. ಫೋಟೊ, ಪತ್ರ, ಹೊಲದ ಉತಾರ, ಮಕ್ಕಳ ಅಂಕಪಟ್ಟಿ, ಡಾಕ್ಟರ ಚೀಟಿ ಎಲ್ಲವೂ ಮೇಘಕೋಶವೆಂಬ ಕಂಪನಿಯ ಭಂಡಾರದಲ್ಲಿ. ಮನೆಗೆ ಬೆಂಕಿ ಬಿದ್ದರೂ, ಹೊಳೆ ಬಂದು ಊರು ಮುಳುಗಿದರೂ ಅಲ್ಲಿಟ್ಟದ್ದು ಹೋಗದು ಎಂದು ಕಂಪನಿ ಹೇಳುತ್ತಿತ್ತು. ಅದು ಸುಳ್ಳೂ ಅಲ್ಲ. ಹಿಂದೊಂದು ವರ್ಷ ನೆರೆಯಲ್ಲಿ ಪಾತ್ರೆಪಡಗ ಕಳೆದುಕೊಂಡ ಅಂಬಕ್ಕನ ತಂಗಿ ಒಂದೇ ಒಂದು ಕಾಗದವನ್ನೂ ಕಳೆದುಕೊಂಡಿರಲಿಲ್ಲ. ಹಾಗಾಗಿ ಹಚ್ಚೆಯ ಸಂಗತಿ ಕೇಳಿದವರೆಲ್ಲ, ನಿನಗೇ ಮರೆತಿರಬೇಕು ಎಂದರು. ಯಂತ್ರ ಮರೆಯುತ್ತದೆಂದು ಯಾರೂ ನಂಬಲಿಲ್ಲ.

*

ಅಂಬಕ್ಕನ ಪೂರ್ತಿ ಹೆಸರು ಶಾಕಾಂಬರಿ. ಇಳಕಲ್ಲಿನ ಧರ್ಮಾರ್ಥ ಎಕ್ಸ್-ರೇ ಕೇಂದ್ರವೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಚಿತ್ರ ತೆಗೆಯುತ್ತಿದ್ದವಳು. ಅಲ್ಲಿಗೆ ಬರುವವರಲ್ಲಿ ಮುಕ್ಕಾಲು ಮಂದಿ ಸುತ್ತಲಿನ ಕೆಂಪುಕಲ್ಲಿನ ಕ್ವಾರಿಗಳಲ್ಲಿ ಕಲ್ಲು ಕೊರೆಯುವವರು, ಸೀಳುವವರು. ಕಲ್ಲಿನ ಧೂಳು ವರ್ಷಗಟ್ಟಲೆ ಎದೆಗಿಳಿದು ಅಲ್ಲೇ ಗಂಟುಕಟ್ಟುತ್ತದೆ. ಎಕ್ಸ್-ರೇಯಲ್ಲಿ ಅದು ಸಾಸಿವೆ ಚೆಲ್ಲಿದ ಹಾಗೆ ಕಾಣುತ್ತದೆ. ಒಮ್ಮೆ ಕಾಣಿಸಿಕೊಂಡ ಸಾಸಿವೆ ಮತ್ತೆ ಹೋಗುವುದಿಲ್ಲ.

ಕೇಂದ್ರದ ಯಂತ್ರ ಚಿತ್ರಗಳನ್ನು ಮೂರು ವಾರ ಮಾತ್ರ ಇಡುತ್ತಿತ್ತು. ಧೂಳಿನ ರೋಗ ಹದಿನೈದು ವರ್ಷ ತೆಗೆದುಕೊಂಡು ಬೆಳೆಯುವಂಥದ್ದು. ಅದಕ್ಕೇ ಅಂಬಕ್ಕ ಒಬ್ಬೊಬ್ಬರನ್ನೂ ಕೇಳಿ, ಒಪ್ಪಿದವರ ಚಿತ್ರಗಳನ್ನು ಮೇಘಕೋಶದ ತನ್ನ ಸ್ವಂತ ಖಾತೆಯಲ್ಲಿ ಇಡುತ್ತ ಬಂದಿದ್ದಳು. ಕೇಳಿದಾಗ ಎಲ್ಲರದೂ ಒಂದೇ ಹೆದರಿಕೆ: ಮಾಲೀಕರಿಗೆ ಗೊತ್ತಾದರೆ ನಾಳೆಯಿಂದ ಕೆಲಸವಿಲ್ಲ. ಆದ್ದರಿಂದ ಸಾದಾ ಖಾತೆ ಬಿಟ್ಟು ಬೀಗದ ಖಾತೆ ತೆಗೆದಿದ್ದಳು. ಕೀಲಿ ನಿಮ್ಮ ಕೈಯಲ್ಲಿ ಮಾತ್ರ, ಒಳಗೇನಿದೆಯೆಂದು ನಮಗೂ ತಿಳಿಯದು ಎಂದು ಮೇಘಕೋಶ ಮಾತು ಕೊಟ್ಟಿತ್ತು. ಆ ಮಾತನ್ನೇ ಅವಳು ಕ್ವಾರಿಯವರಿಗೆ ತನ್ನ ಮಾತಾಗಿ ಕೊಟ್ಟಿದ್ದಳು.

ಫೋಟೊ ತಂದ ಎರಡನೇ ವಾರ ದುರುಗಪ್ಪನ ವಿಚಾರಣೆ ಬಂತು. ಮೂವತ್ತು ವರ್ಷ ಕಲ್ಲು ಕೊರೆದ ದುರುಗಪ್ಪ ಈಗ ಹತ್ತು ಮೆಟ್ಟಿಲು ಹತ್ತಿದರೆ ಹನ್ನೊಂದನೆಯದರ ಮೇಲೆ ಕೂರುತ್ತಿದ್ದ. ಧೂಳಿನಿಂದ ಕೆಟ್ಟ ಎದೆಗೆ ಪರಿಹಾರ ಕೊಡಿ ಎಂದು ಜಿಲ್ಲಾ ಪರಿಹಾರ ಅಧಿಕಾರಿಗೆ ಅರ್ಜಿ ಹಾಕಿದ ಮೊದಲ ಕ್ವಾರಿಯವನು ಅವನೇ. ಅವನು ಗೆದ್ದರೆ ಅವನ ಹಿಂದೆ ಹಾಕುವವರು ಎಷ್ಟೋ ಮಂದಿಯಿದ್ದರು. ಅಂಬಕ್ಕ ಅವನ ಐದು ಚಿತ್ರಗಳನ್ನು ಖಾತೆಯಿಂದ ನೇರವಾಗಿ ಕಚೇರಿಗೆ ಕಳುಹಿಸಿದ್ದಳು. ಅಲ್ಲಿ ಸಲ್ಲುವುದು ಮೇಘಕೋಶದ ಮುದ್ರೆಯಿರುವ ಪ್ರತಿ ಮಾತ್ರ. ತಾನು ಕಣ್ಣಾರೆ ನೋಡಿ ಇಟ್ಟ ಚಿತ್ರಗಳನ್ನು ಮತ್ತೆ ತೆರೆದು ನೋಡಬೇಕೆಂದು ಅವಳಿಗೆ ಅನ್ನಿಸಿರಲಿಲ್ಲ.

ಮಾಲೀಕರ ವಕೀಲ ಅವನ್ನು ದೊಡ್ಡ ಪರದೆಯ ಮೇಲೆ ಹಾಕಿಸಿದ. "ಸಾಹೇಬ್ರ, ಇವು ನಾವು ತಂದವಲ್ಲ. ಅರ್ಜಿದಾರರ ಕಡಿಯಿಂದನ ಬಂದಾವು, ಮುದ್ರಿ ಸಮೇತ. ಇದರಾಗ ರೋಗ ಎಲ್ಲೈತಿ, ಅವರ ತೋರಸ್ಲಿ."

ಅಂಬಕ್ಕ ಪರದೆಯ ಹತ್ತಿರ ಹೋದಳು. ಐದು ಚಿತ್ರಗಳಲ್ಲೂ ತಿಳಿಯಾದ ಎದೆಗೂಡು. ಕಲ್ಲಿನ ಮುಖವನ್ನೇ ಕಾಣದ ಯಾರದೋ ಆರೋಗ್ಯವಂತನ ಎದೆ. ಅವಳ ಕೈಯಲ್ಲಿದ್ದ ಹಳೆಯ ರಿಜಿಸ್ಟರಿನಲ್ಲಿ, ಅಂದು ಡಾಕ್ಟರು ಹೇಳಿದ್ದನ್ನು ಅವಳೇ ಬರೆದುಕೊಂಡಿದ್ದ ಸಾಲಿತ್ತು: ಎರಡೂ ಕಡೆ, ಮೇಲ್ಭಾಗ ತುಂಬ ಸಣ್ಣ ಗಂಟುಗಳು. ಬರೆಸಿದ ಡಾಕ್ಟರು ಈಗ ಬದುಕಿರಲಿಲ್ಲ.

ಅಧಿಕಾರಿ ಗುರುಪಾದ ಮಠದ ಅವರು ರಿಜಿಸ್ಟರನ್ನು ತಿರುವಿ ಹಿಂದಕ್ಕೆ ಕೊಟ್ಟರು. "ಕೈಬರಹ ನಿಮ್ಮದ ಐತಲ್ವಾ. ಇದನ್ನ ಸಾಕ್ಷಿ ಅನ್ನಾಕ ಬರೂದಿಲ್ಲ ತಾಯಿ. ಆರು ತಿಂಗಳು ಟೈಮ್ ಕೊಡ್ತೀನಿ. ಬ್ಯಾರೆ ಏನರ ಇದ್ರ ತರ್ರಿ."

ಹೊರಗೆ ಬೇವಿನ ಮರದ ಕೆಳಗೆ ಕೂತು ದುರುಗಪ್ಪ ಬಹಳ ಹೊತ್ತು ಉಸಿರು ಸುಧಾರಿಸಿಕೊಂಡ. ಆಮೇಲೆ ಮೆಲ್ಲಗೆ ಕೇಳಿದ: "ಅಕ್ಕಾರ, ನಿಮ್ಮನ್ನ ಯಾರರ ಹೆದರ್ಸ್ಯಾರೇನ್ರಿ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನೇ ಅಂಬಕ್ಕನಿಗೆ ತಡೆಯಲಾಗಲಿಲ್ಲ.

"ಇಲ್ಲ ದುರುಗಪ್ಪಣ್ಣ. ನಾಳಿ ಕೇಂದ್ರಕ್ಕ ಬಾ. ಇನ್ನೊಂದು ಸಲ ತೆಗೀತೀನಿ."

*

ಮರುದಿನ ಅವಳು ಹೊಸ ಚಿತ್ರ ತೆಗೆದಾಗ ಬನಪ್ಪನನ್ನೂ ಕರೆದುಕೊಂಡು ಹೋಗಿದ್ದಳು. ಅವನ ಕಂಕುಳಲ್ಲಿ ಸೀರೆಯ ಅಂಚಿಗೆ ನಕ್ಷೆ ಬರೆಯುವ ಚೌಕಳಿ ಕಾಗದದ ಸುರುಳಿಯಿತ್ತು. ಯಂತ್ರದ ಪರದೆಯಲ್ಲಿ ದುರುಗಪ್ಪನ ಎದೆ ಮೂಡಿದ ಕೂಡಲೇ ಸಾಸಿವೆ ಕಾಣಿಸಿತು, ಮೊದಲಿಗಿಂತ ದಟ್ಟವಾಗಿ. ಬನಪ್ಪ ಪರದೆಯ ಮುಂದೆ ಕೂತು, ಚುಕ್ಕೆಗೆ ಚುಕ್ಕೆ, ಚೌಕಕ್ಕೆ ಚೌಕ ಎಣಿಸಿ ಕಾಗದಕ್ಕಿಳಿಸಿದ. ಐದು ತಾಸು ಹಿಡಿಯಿತು. ದುರುಗಪ್ಪ ಅದರ ಕೆಳಗೆ ಹೆಬ್ಬೆಟ್ಟು ಒತ್ತಿದ. ಅಂಬಕ್ಕ ಇನ್ನೂ ಹತ್ತು ಮಂದಿಯ ಹೊಸ ಚಿತ್ರಗಳನ್ನು ತೆಗೆದು, ಎಲ್ಲವನ್ನೂ ಖಾತೆಗೆ ಹಾಕಿ ಬೀಗ ಹಾಕಿದಳು.

ಆಮೇಲೆ, ತೆರೆದದ್ದಕ್ಕೂ ತೆರೆಯದೆ ಬಿಟ್ಟದ್ದಕ್ಕೂ ವ್ಯತ್ಯಾಸವಿದೆಯೇ ಎಂದು ತಿಳಿಯಲು, ದಿನಾ ಇಬ್ಬಿಬ್ಬರ ಚಿತ್ರ ತೆರೆದು ನೋಡಿದಳು. ದುರುಗಪ್ಪನದನ್ನು ಮಾತ್ರ ಮುಟ್ಟಲಿಲ್ಲ. ದಿನಾ ತೆರೆದವು ಹಾಗೇ ಇದ್ದವು. ನಲವತ್ತೊಂದನೆಯ ದಿನ ದುರುಗಪ್ಪನದನ್ನು ತೆರೆದಳು. ಎದೆ ತಿಳಿಯಾಗಿತ್ತು.

ಅಂದಿನಿಂದ ಉಳಿದವರ ಚಿತ್ರಗಳನ್ನೂ ಮುಟ್ಟದೆ ಬಿಟ್ಟಳು. ಮತ್ತೆ ನಲವತ್ತು ದಿನ ಕಳೆದ ಮೇಲೆ ಅವೂ ತಿಳಿಯಾದವು. ಹನ್ನೊಂದನ್ನೂ ಅಚ್ಚು ಹಾಕಿಸಿ ಮನೆಗೆ ತಂದು, ಮಗ್ಗದ ಪಕ್ಕದ ಗೋಡೆಗೆ ಸಾಲಾಗಿ ಅಂಟಿಸಿದಳು. ಬನಪ್ಪ ನೇಯುತ್ತ ನೇಯುತ್ತ ಅವುಗಳ ಕಡೆ ನೋಡುತ್ತಿದ್ದವನು ಲಾಳಿ ಕೆಳಗಿಟ್ಟ.

"ಇಲ್ಲಿ ಬಾ. ಇವು ಹನ್ನೊಂದು ಮಂದಿದಲ್ಲ."

"ಅಂದ್ರ?"

"ಈ ಎಡಗಡಿ ಮೂಲ್ಯಾಗ ಮೋಡ ಹರದಂಗ ಒಂದು ನೆರಳೈತಲ್ಲ, ಅದ ನೋಡು. ಇವನದ್ರಾಗೂ ಅದ. ಅಲ್ಲಿ ನಾಕನೇದಾಗೂ ಅದ, ಸ್ವಲ್ಪ ಹಿಗ್ಗಿಸಿ ಹಾಕ್ಯಾರ. ಇಲ್ಲಿ ತಿರುವಿ ಹಾಕ್ಯಾರ. ಮೂವತ್ತೆಂಟು ವರ್ಷ ಬುಟ್ಟಾ ನೇಯ್ದೀನಿ, ಒಂದ ನಕ್ಷಿ ಎರಡನೇ ಸಲ ಬಂದ್ರ ನನ್ನ ಕಣ್ಣಿಗೆ ಹತ್ತತದ. ಮನಿಷಾರ ಎದಿ ಒಂದರಂಗ ಇನ್ನೊಂದು ಇರ್ತಾವೇನು? ಇದನ್ನ ಯಾರೋ ಒಂದ ಅಚ್ಚಿನಾಗ ನೇಯ್ದಾರ."

ಅಂಬಕ್ಕ ಗೋಡೆಯ ಮುಂದೆಯೇ ನೆಲದ ಮೇಲೆ ಕೂತಳು. ನಾಲ್ಕನೆಯ ಸರಪಳಿಯನ್ನು ಯಾರು ಹಾಕಿದರೆಂದು ಅವಳಿಗೆ ಈಗ ತಿಳಿಯಿತು.

*

ಮೇಘಕೋಶವೆಂದು ಹೆಸರಿದ್ದರೂ ಅದು ಮುಗಿಲಿನಲ್ಲಿರಲಿಲ್ಲ. ಅದರ ಒಂದು ದೊಡ್ಡ ಭಂಡಾರ ಇಳಕಲ್ಲಿನಿಂದ ಅರ್ಧ ತಾಸಿನ ದಾರಿಯಲ್ಲೇ ಇತ್ತು. ಕಲ್ಲು ಮುಗಿದು ಪಾಳುಬಿದ್ದ ಆಳದ ಕ್ವಾರಿಗುಂಡಿಯೊಂದರ ತಳದಲ್ಲಿ ಯಂತ್ರಗಳನ್ನಿಟ್ಟು, ಪಕ್ಕದ ಗುಂಡಿಯಲ್ಲಿ ನಿಂತ ನೀರಿನಿಂದ ಅವನ್ನು ತಣಿಸುತ್ತಿದ್ದರು. ಅಂಬಕ್ಕ ನಾಲ್ಕು ದೂರು ಬರೆದ ಮೇಲೆ ಅಲ್ಲಿಗೆ ಬರಹೇಳಿದರು. ದುರುಗಪ್ಪನೂ ಜೊತೆಗೆ ಹೊರಟ. ಲಿಫ್ಟು ಇಳಿಯುವಾಗ ಗಾಜಿನಾಚೆ ಜಾರುತ್ತಿದ್ದ ಬಂಡೆಯ ಗೋಡೆಯನ್ನು ಬೆರಳಿನಿಂದ ತೋರಿಸಿದ. "ಈ ತೂತು ನೋಡ್ರಿ, ಇವು ನಮ್ಮ ಗ್ಯಾಂಗಿನವು. ಕೊರ್ಯೂವಾಗ ಎದುರಿಗೆ ನಿಂತವನ ಮಾರಿ ಕಾಣ್ತಿದ್ದಿಲ್ಲ, ಅಷ್ಟು ಧೂಳು."

ಕೆಳಗಿನ ನಿಯಂತ್ರಣ ಕೊಠಡಿಯಲ್ಲಿ ಶಾಲ್ಮಲಿ ಎಂಬ ಎಂಜಿನಿಯರ್ ಅವರನ್ನು ಕೂರಿಸಿ ನೀರು ಕೊಟ್ಟಳು. ಮೂವತ್ತು ದಾಟಿರದ, ಮೈಸೂರಿನ ಕಡೆಯ ಹೆಣ್ಣುಮಗಳು. ಚೌಕಳಿ ಕಾಗದವನ್ನೂ ಹನ್ನೊಂದು ಚಿತ್ರಗಳನ್ನೂ ಗಮನವಿಟ್ಟು ನೋಡಿದಳು.

"ನೋಡಿ ಮೇಡಂ, ಜನ ದಿನಕ್ಕೆ ಕೋಟಿಗಟ್ಟಲೆ ಫೋಟೊ ಹಾಕ್ತಾರೆ. ಹಾಗ್ಹಾಗೇ ಇಡ್ತಾ ಹೋದ್ರೆ ಇಂಥ ಸಾವಿರ ಗುಂಡಿ ಸಾಲೋದಿಲ್ಲ. ಅದಕ್ಕೆ ನಲವತ್ತು ದಿನ ಯಾರೂ ತೆರೆಯದ ಫೈಲನ್ನ ನಮ್ಮ ಯಂತ್ರ ನೆನಪಿಟ್ಕೊಂಡು, ಮೂಲವನ್ನ ಬಿಟ್ಬಿಡುತ್ತೆ. ಲಕ್ಷಾಂತರ ಚಿತ್ರ ನೋಡಿ ಅದು ಅಚ್ಚುಗಳನ್ನ ಕಲಿತಿದೆ. ಕಣ್ಣು ಅಂದ್ರೆ ಹೀಗೆ, ಎದೆ ಅಂದ್ರೆ ಹೀಗೆ ಅಂತ. ನಿಮ್ಮ ಫೈಲು ಯಾವ ಅಚ್ಚಿಗೆ ಹತ್ತಿರ, ಎಲ್ಲಿ ಬೇರೆ, ಅಷ್ಟನ್ನೇ ಇಟ್ಕೊಳ್ಳುತ್ತೆ. ನೀವು ಕೇಳಿದಾಗ ಮತ್ತೆ ಬರೆದು ಕೊಡುತ್ತೆ. ನೂರಕ್ಕೆ ತೊಂಬತ್ತೊಂಬತ್ತು ಪಾಲು ಮೂಲದ ಹಾಗೇ ಇರುತ್ತೆ."

"ಉಳಿದ ಒಂದು ಪಾಲು?"

"ಅದು ಸಾಮಾನ್ಯವಾಗಿ ಚಿತ್ರದ ಮೇಲಿನ ಧೂಳು. ಬೇಡದ ಸಣ್ಣ ಚುಕ್ಕೆಗಳು. ಅದನ್ನ ಯಂತ್ರ ತೆಗೆದುಹಾಕುತ್ತೆ."

"ಅದು ಚಿತ್ರದ ಮ್ಯಾಲಿನ ಧೂಳಲ್ಲ ಬಾಯಾರ" ಎಂದಳು ಅಂಬಕ್ಕ. "ಇಲ್ಲಿ ಕುಂತಾನಲ್ಲ, ಇವನ ಎದ್ಯಾಗಿನ ಧೂಳು."

ಶಾಲ್ಮಲಿ ಮೊದಲ ಸಲ ದುರುಗಪ್ಪನ ಮುಖ ನೋಡಿದಳು. ಲಿಫ್ಟಿನಿಂದ ಇಷ್ಟು ದೂರ ನಡೆದದ್ದಕ್ಕೇ ಅವನ ಭುಜಗಳು ಇನ್ನೂ ಏರಿಳಿಯುತ್ತಿದ್ದವು.

"ಇನ್ನೊಂದು ಮಾತು ಹೇಳ್ರಿ" ಅಂಬಕ್ಕ ಬಿಡಲಿಲ್ಲ. "ನಂದು ಬೀಗದ ಖಾತೆ. ಒಳಗೇನೈತಿ ನಿಮಗ ಗೊತ್ತಾಗೂದಿಲ್ಲ ಅಂದಿದ್ರಿ. ಒಳಗಿರೂದು ಎದಿ ಅನ್ನೂದು ನಿಮ್ಮ ಯಂತ್ರಕ್ಕ ಹೆಂಗ ತಿಳೀತು? ತಿಳೀದ ಎದಿ ಅಚ್ಚು ಹೆಂಗ ಹಾಕ್ತು?"

ಶಾಲ್ಮಲಿ ತನ್ನ ಪೆನ್ನಿನ ಮುಚ್ಚಳ ತೆಗೆದಳು, ಮತ್ತೆ ಹಾಕಿದಳು.

"ಕೀಲಿಯ ಒಂದು ಪ್ರತಿ ನಮ್ಮ ಹತ್ರ ಇರುತ್ತೆ. ನೀವು ಕಳ್ಕೊಂಡ್ರೆ ಬೇಕಲ್ಲ ಅಂತ. ಷರತ್ತಿನಲ್ಲಿ ಎಪ್ಪತ್ತೆರಡನೇ ಪುಟದಲ್ಲಿದೆ. ಮನುಷ್ಯರು ಯಾರೂ ನೋಡಲ್ಲ ಮೇಡಂ, ಯಂತ್ರ ಮಾತ್ರ ನೋಡುತ್ತೆ."

"ಯಂತ್ರಕ್ಕ ತೋರಸ್ತೀನಿ ಅಂತ ನಾನು ಇವರ ಯಾರ ಕಡಿಯಿಂದನೂ ಒಪ್ಪಿಗಿ ತಗೊಂಡಿಲ್ಲ."

ಅಷ್ಟರಲ್ಲಿ ಮೇಲಿನ ಮಹಡಿಯಿಂದ ವ್ಯವಸ್ಥಾಪಕನೊಬ್ಬ ಇಳಿದು ಬಂದ. ನಗುಮುಖದವನು. ಎಲ್ಲವನ್ನೂ ಮೊದಲೇ ಕೇಳಿಸಿಕೊಂಡವನಂತೆ ಕೂತು, ಒಂದು ಕಾಗದ ಮುಂದೆ ಚಾಚಿದ. ಅಂಬಕ್ಕನಿಗೆ ಬದುಕಿರುವವರೆಗೆ ಯಾವ ಫೈಲೂ ಬದಲಾಗದ ವಿಶೇಷ ಖಾತೆ, ಕೇಂದ್ರಕ್ಕೆ ಹೊಸ ಎಕ್ಸ್-ರೇ ಯಂತ್ರ. ಪ್ರತಿಯಾಗಿ ಅವಳು ಒಂದು ಸಹಿ ಹಾಕಬೇಕು: ಚಿತ್ರಗಳನ್ನು ಖಾತೆಗೆ ಹಾಕುವಾಗ ತನ್ನ ಕಡೆಯಿಂದಲೇ ತಪ್ಪಾಗಿತ್ತು.

"ನಮ್ಮನ್ನು ನಂಬಿ ಎಷ್ಟೊಂದು ಜನ ಇದ್ದಾರೆ ಮೇಡಂ. ಸುಮ್ಮನೆ ಗಾಬರಿ ಹುಟ್ಟಿಸೋದು ಬೇಡ" ಎಂದ. "ನೆರೆ ಬಂದಾಗ, ಬೆಂಕಿ ಬಿದ್ದಾಗ ಅವರ ಪಾಲಿಗೆ ನಾವೇ ಅಲ್ವಾ?"

ಅಂಬಕ್ಕ ಕಾಗದವನ್ನು ಪೂರ್ತಿ ಓದಿದಳು. ಹೊಸ ಯಂತ್ರ ಕೇಂದ್ರಕ್ಕೆ ಬೇಕಾಗಿತ್ತು, ಹಳೆಯದರ ಕೊಳವೆ ಯಾವಾಗ ಬೇಕಾದರೂ ಸುಟ್ಟುಹೋಗುವಂತಿತ್ತು. ಒಂದು ಕ್ಷಣ ಅದೂ ಅವಳ ಮನಸ್ಸಿಗೆ ಬಂತು. ಕಾಗದವನ್ನು ಮಡಿಚದೆ ಹಾಗೇ ಅವನ ಕಡೆ ದೂಡಿದಳು.

"ನೆರ್ಯಾಗ ಹೋಗದಂಗ ಇಟ್ರಿ, ಖರೆ. ಆದ್ರ ಕೊಟ್ಟದ್ದನ್ನ ಇಟ್ಟಿಲ್ಲ, ಕೊಟ್ಟಂಥಾದ್ದು ಏನೋ ಇಟ್ರಿ. ಮ್ಯಾಲ ಬೀಗ ತಗದು ನೋಡಿದ್ರಿ. ಇವೆರಡೂ ಮಾಡಿದವ್ರು ನೀವು, ತಪ್ಪು ನಂದು ಅಂತ ನಾ ಯಾಕ ಬರೀಲಿ? ನಡಿ ದುರುಗಪ್ಪಣ್ಣ."

*

ಹೊರಗಿನವರಿಗೆ ಹೇಳುವುದು ಸುಲಭ. ಕ್ವಾರಿಯವರಿಗೆ ಹೇಳುವುದಕ್ಕೆ ಅವಳಿಗೆ ಮೂರು ದಿನ ಬೇಕಾಯಿತು. ರವಿವಾರ ಬೆಳಿಗ್ಗೆ ಅವರ ಕೇರಿಯ ಸಮುದಾಯ ಭವನದಲ್ಲಿ ಎಲ್ಲರನ್ನೂ ಕೂಡಿಸಿ, ನಿಂತುಕೊಂಡೇ ಹೇಳಿದಳು. "ನಿಮ್ಮ ಚಿತ್ರ ಭದ್ರ ಅದಾವು ಅಂತ ಹೇಳಿದ್ನಿ, ಭದ್ರ ಇದ್ದಿಲ್ಲ. ಯಾರೂ ನೋಡೂದಿಲ್ಲ ಅಂದಿದ್ನಿ, ನೋಡ್ಯಾರ. ನಾ ಕೊಟ್ಟ ಮಾತು ಎರಡೂ ಸುಳ್ಳಾದ್ವು."

ಕೆಲವರು ಬೈದರು. ಮಾಲೀಕರಿಗೂ ಚಿತ್ರ ಹೋಗಿವೆಯೇ ಎಂದು ಒಬ್ಬ ಕೇಳಿದ. ಗೊತ್ತಿಲ್ಲ ಎಂದಳು, ನಿಜಕ್ಕೂ ಗೊತ್ತಿರಲಿಲ್ಲ. ಹಿಂದೆ ಗೋಡೆಗೊರಗಿ ಕೂತಿದ್ದ ಹನಮವ್ವ ಎದ್ದು ಬಂದಳು. ಅವಳ ಗಂಡ ಸತ್ತು ನಾಲ್ಕು ವರ್ಷವಾಗಿತ್ತು. ಅವನ ಏಳು ಚಿತ್ರಗಳು ಖಾತೆಯಲ್ಲಿದ್ದವು, ಏಳೂ ತಿಳಿಯಾಗಿದ್ದವು.

"ಬದುಕಿದವರದು ಮತ್ತ ತೆಗೀತಿ ಯವ್ವಾ. ನನ್ನ ಗಂಡನ ಎದಿ ನಾ ಎಲ್ಲಿಂದ ತರ್ಲಿ?"

ಹಾಗೆ ಹೋದ ಸತ್ತವರ ಚಿತ್ರಗಳು ಹತ್ತೊಂಬತ್ತು ಮಂದಿಯವು. ಅವು ಹೋದದ್ದು ಹೋದವೇ. ಅವಳು ಹನಮವ್ವನ ಕೈ ಹಿಡಿದಳು. ಹನಮವ್ವ ಕೈ ಬಿಡಿಸಿಕೊಂಡಳು, ಆದರೆ ಅಲ್ಲಿಂದ ಹೋಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳೇ ಎಲ್ಲರ ಕಡೆ ತಿರುಗಿದಳು.

"ಕುಂತು ಬೈಕೋತ ಇರ್ತೀರೇನು? ಜೀವ ಇದ್ದಾವ್ರರ ಹೋಗಿ ತೆಗೆಸ್ಕೋರ್ರಿ. ಈ ಸಲ ಅವರ ಕಪಾಟಿನ್ಯಾಗ ಇಡಬ್ಯಾಡ್ರಿ."

ಎಲ್ಲಿ ಇಡುವುದು ಎಂಬುದಕ್ಕೆ ಉತ್ತರವನ್ನು ಅಂಬಕ್ಕ ತನ್ನ ತರಬೇತಿಯ ದಿನಗಳಿಂದ ಹೆಕ್ಕಿದಳು. ಆಗ ಎಕ್ಸ್-ರೇ ಎಂದರೆ ನೀಲಿ ಛಾಯೆಯ ದಪ್ಪ ಫಿಲ್ಮು. ಕತ್ತಲೆ ಕೋಣೆಯಲ್ಲಿ ಔಷಧದ ನೀರಿಗಿಳಿಸಿ ತೊಳೆದು ಒಣಹಾಕುವುದು. ಅದರ ಮೇಲೆ ಬಿದ್ದ ನೆರಳು ಮತ್ತೆ ತಿದ್ದಿಸಿಕೊಳ್ಳುವುದಿಲ್ಲ. ಮನುಷ್ಯರ ಆಸ್ಪತ್ರೆಗಳಲ್ಲಿ ಫಿಲ್ಮು ನಿಂತು ಎಷ್ಟೋ ವರ್ಷವಾಗಿತ್ತು. ವಿಚಾರಿಸಿದಾಗ, ನೆಟ್‌ವರ್ಕ್ ಸಿಗದ ಹಳ್ಳಿಗಳಲ್ಲಿ ತಿರುಗುವ ದನದ ಡಾಕ್ಟರುಗಳು ಮಾತ್ರ ಇನ್ನೂ ತರಿಸುತ್ತಾರೆಂದು ತಿಳಿಯಿತು. ಅಂಥ ಒಬ್ಬ ಡಾಕ್ಟರು ಆರು ಪೆಟ್ಟಿಗೆ ಫಿಲ್ಮನ್ನೂ ಔಷಧವನ್ನೂ ಕೊಟ್ಟು ಕಳುಹಿಸಿದರು.

"ದನದ ಫಿಲ್ಮಿನ್ಯಾಗ ನನ್ನ ಎದಿ ಹಿಡಸ್ತದೇನ್ರಿ?" ಎಂದು ದುರುಗಪ್ಪ ನಕ್ಕ. ನಗುವೇ ಕೆಮ್ಮಾಯಿತು.

ಕೇಂದ್ರದ ಉಗ್ರಾಣಕ್ಕೆ ಕರಿಬಟ್ಟೆ ಕಟ್ಟಿ, ಕೆಂಪು ದೀಪ ಹಚ್ಚಿ, ಅಂಬಕ್ಕ ದುರುಗಪ್ಪನ ಫಿಲ್ಮನ್ನು ನೀರಿಗಿಳಿಸಿದಳು. ಮೊದಲು ಏನೂ ಇರಲಿಲ್ಲ. ಆಮೇಲೆ ಭುಜದ ಎಲುಬು, ಪಕ್ಕೆಲುಬುಗಳ ಸಾಲು, ಆಮೇಲೆ ಮೇಲ್ಭಾಗದಲ್ಲಿ ಒಂದೊಂದಾಗಿ ಸಾಸಿವೆ. ಎಡಗಡೆಯ ಐದನೇ ಪಕ್ಕೆಲುಬು ಒಂದು ಕಡೆ ಗಂಟುಬಿದ್ದು ಡೊಂಕಾಗಿತ್ತು. ಅವಳು ಬಾಗಿ ನೋಡಿದಳು. ಯಾವಾಗಲೋ ಮುರಿದು ತಾನೇ ಕೂಡಿಕೊಂಡ ಎಲುಬು. ಹೊರಗೆ ಬಂದು ಮೇಘಕೋಶದ ಮುದ್ರೆಯ ಐದು ಚಿತ್ರಗಳನ್ನು ಮತ್ತೆ ನೋಡಿದಳು. ಐದರಲ್ಲೂ ಆ ಪಕ್ಕೆಲುಬು ನೆಟ್ಟಗಿತ್ತು.

ಹದಿನೈದು ದಿನದಲ್ಲಿ ಅರವತ್ತಮೂರು ಮಂದಿ ಬಂದು ಚಿತ್ರ ತೆಗೆಸಿಕೊಂಡರು. ಅಂಬಕ್ಕ ಒಂದನ್ನೂ ತನ್ನಲ್ಲಿ ಇಟ್ಟುಕೊಳ್ಳಲಿಲ್ಲ. ಅವರವರ ಫಿಲ್ಮು ಅವರವರ ಕೈಗೆ. ನೀರು ತಾಗಿಸಬೇಡಿ, ಬೆಂಕಿಯ ಹತ್ತಿರ ಇಡಬೇಡಿ, ಯಾರಾದರೂ ಕೇಳಿದರೆ ತೋರಿಸುವುದು ಬಿಡುವುದು ನಿಮ್ಮ ಇಷ್ಟ, ಎಂದು ಒಬ್ಬೊಬ್ಬರಿಗೂ ಹೇಳಿದಳು. ಸುಟ್ಟುಹೋಗಬಹುದು, ಕಳೆದುಹೋಗಬಹುದು. ಅದನ್ನೂ ಮುಚ್ಚಿಡಲಿಲ್ಲ.

ವಿಚಾರಣೆಗೆ ಎರಡು ದಿನ ಇರುವಾಗ ಕೇಂದ್ರಕ್ಕೆ ಹೆಸರಿಲ್ಲದ ಒಂದು ಲಕೋಟೆ ಬಂತು. ಒಳಗೆ ಮೇಘಕೋಶದ ಷರತ್ತುಗಳ ಎಪ್ಪತ್ತೆರಡನೇ ಪುಟ, ಕಾಗದದ ಮೇಲೆ ಅಚ್ಚಾದದ್ದು. ಕೀಲಿಯ ಪ್ರತಿಯ ಬಗೆಗಿನ ಸಾಲಿನ ಕೆಳಗೆ ಪೆನ್ನಿನ ಗೆರೆ. ಯಾರು ಕಳುಹಿಸಿದ್ದೆಂದು ಅಂಬಕ್ಕ ಯಾರನ್ನೂ ಕೇಳಲಿಲ್ಲ.

*

ಪರಿಹಾರ ಅಧಿಕಾರಿಯ ಕಚೇರಿಯಲ್ಲಿ ಅಂದು ನಿಲ್ಲಲು ಜಾಗವಿರಲಿಲ್ಲ. ಅರವತ್ತಮೂರು ಮಂದಿಯಲ್ಲಿ ನಡೆಯಬಲ್ಲವರೆಲ್ಲ ಬಂದಿದ್ದರು.

"ಫಿಲ್ಮನ್ನ ಸ್ಕ್ಯಾನ್ ಮಾಡಿ ಪರದಿಗೆ ಹಾಕ್ರಿ" ಎಂದು ಮಠದ ಅವರು ಗುಮಾಸ್ತನಿಗೆ ಹೇಳಿದರು.

"ಬ್ಯಾಡ್ರಿ ಸಾಹೇಬ್ರ" ಎಂದಳು ಅಂಬಕ್ಕ. "ಆ ಪರದಿಗೆ ಬರೂದೆಲ್ಲ ಮೇಘಕೋಶದಿಂದನ ಬರ್ತದ. ಕಿಟಕಿ ತಗೀರಿ, ಬೆಳಕು ಸಾಕು."

ಗುಮಾಸ್ತ ಅಧಿಕಾರಿಯ ಮುಖ ನೋಡಿದ. ಅಧಿಕಾರಿ ತಾವೇ ಎದ್ದು ಕಿಟಕಿಯ ಬಾಗಿಲು ದೂಡಿದರು. ಅಂಬಕ್ಕ ಫಿಲ್ಮನ್ನು ಎರಡೂ ಕೈಯಲ್ಲಿ ಹಿಡಿದು ಬಿಸಿಲಿಗೆ ಎತ್ತಿದಳು. ಮಠದ ಅವರು ಕನ್ನಡಕ ತೆಗೆದು ಹತ್ತಿರ ಬಂದರು. ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಸಾಸಿವೆ ಕಾಣುತ್ತಿತ್ತು.

"ಇದು ಯಾರ ಎದಿ ಅಂತ ಯಾರಿಗ್ಗೊತ್ತು?" ಎಂದ ಮಾಲೀಕರ ವಕೀಲ. "ಮ್ಯಾಲ ಹೆಸರು ಬರದ್ರ ಆತೇನು? ಮೇಘಕೋಶದ ಮುದ್ರಿ ಇದ್ದದ್ದ ಖರೆ ಚಿತ್ರ."

"ಹಂಗಿದ್ರ ಒಂದು ಕೆಲಸ ಮಾಡ್ರಿ" ಅಂಬಕ್ಕ ಅಧಿಕಾರಿಯ ಕಡೆ ತಿರುಗಿದಳು. "ಎರಡೂ ಚಿತ್ರದಾಗ ಎಡಗಡಿ ಐದನೇ ಪಕ್ಕೆಲುಬು ನೋಡ್ರಿ. ಆಮ್ಯಾಲ ದುರುಗಪ್ಪಣ್ಣನ ಪಕ್ಕಕ್ಕ ಕೈ ಹಚ್ಚಿ ನೋಡ್ರಿ."

ದುರುಗಪ್ಪ ಅಂಗಿಯ ಗುಂಡಿ ಬಿಚ್ಚಿದ. "ಇಪ್ಪತ್ತೆರಡು ವರ್ಷದ ಹಿಂದ ಕಲ್ಲು ಸಿಡದು ಬಡೀತ್ರಿ. ದವಾಖಾನಿಗೆ ಹೋಗಾಕ ರಜಾ ಕೊಡ್ಲಿಲ್ಲ. ಹಂಗ ಕೂಡಿಕೊಂಡೈತಿ."

ಅಧಿಕಾರಿ ಅಳುಕುತ್ತ ಅವನ ಪಕ್ಕೆಯ ಮೇಲೆ ಬೆರಳಿಟ್ಟರು. ಗಂಟು ಕೈಗೆ ಸಿಕ್ಕಿತು. ಫಿಲ್ಮನ್ನು ನೋಡಿದರು, ಮುದ್ರೆಯ ಚಿತ್ರವಿದ್ದ ಪರದೆಯನ್ನು ನೋಡಿದರು. ಪರದೆಯ ಮೇಲಿನ ಪಕ್ಕೆಲುಬು ಗೆರೆ ಎಳೆದಂತೆ ನೆಟ್ಟಗಿತ್ತು. ವಕೀಲ ಕೂತ. ಆಮೇಲೆ ಬನಪ್ಪ ಚೌಕಳಿ ಕಾಗದ ಹಾಸಿ ತೋರಿಸಿದ, ಅಂಬಕ್ಕ ಎಪ್ಪತ್ತೆರಡನೇ ಪುಟವನ್ನು ಓದಿದಳು.

ಮಠದ ಅವರು ಮೇಜಿನ ಖಾನೆಯಿಂದ ಬಿಳಿ ಹಾಳೆ ತೆಗೆದರು. ಟೈಪು ಮಾಡಲು ಕೈ ಚಾಚಿದ ಗುಮಾಸ್ತನನ್ನು ತಡೆದು, ಪೆನ್ನಿನಿಂದ ಬರೆದರು. ಅರ್ಜಿದಾರನ ಎದೆಯಲ್ಲಿ ಕಲ್ಲುಧೂಳಿನ ರೋಗವಿರುವುದನ್ನು ಫಿಲ್ಮಿನಲ್ಲಿ ನಾನು ಕಣ್ಣಾರೆ ನೋಡಿದ್ದೇನೆ. ಮುದ್ರೆಯುಳ್ಳ ಚಿತ್ರಗಳು ಅವನ ದೇಹದವಲ್ಲ. ಪರಿಹಾರ ಕೊಡತಕ್ಕದ್ದು. ಬೀಗದ ಖಾತೆಯನ್ನು ಯಾರ ಒಪ್ಪಿಗೆಯಿಂದ ತೆರೆಯಲಾಯಿತೆಂದು ಮೇಘಕೋಶ ಮುಂದಿನ ತಿಂಗಳೊಳಗೆ ಇಲ್ಲಿಗೇ ಬಂದು ಹೇಳತಕ್ಕದ್ದು. ಹನಮವ್ವನಂಥವರ ಅರ್ಜಿಗಳ ಬಗ್ಗೆ ಕೇಳಿದಾಗ ಮಾತ್ರ ಅವರು ಪೆನ್ನು ನಿಲ್ಲಿಸಿ, ಅದನ್ನು ಬೇರೆಯಾಗಿ ನೋಡಬೇಕಾಗುತ್ತದೆ ಎಂದರು. ಹನಮವ್ವ, "ನೋಡ್ರಿ. ನಾ ಬರ್ತಾನ ಇರ್ತೀನಿ" ಎಂದಳು.

ಸಹಿಯಾಯಿತು. ಗುಮಾಸ್ತ ಫಿಲ್ಮಿಗಾಗಿ ಕೈ ಚಾಚಿದ. "ಇದು ಇಲ್ಲೇ ಇರಲಿ. ಕಡತದ ಜೊತಿ ಅಪ್‌ಲೋಡ್ ಮಾಡಿ ಭದ್ರ ಇಡ್ತೀವಿ."

ದುರುಗಪ್ಪ ಫಿಲ್ಮನ್ನು ಅಂಬಕ್ಕನ ಕೈಯಿಂದ ತೆಗೆದುಕೊಂಡು, ಬನಪ್ಪ ಕೊಟ್ಟ ಸೀರೆಯ ತುಂಡಿನಲ್ಲಿ ಸುತ್ತಿ, ಅಂಗಿಯೊಳಗೆ ಎದೆಗೆ ಆನಿಸಿಕೊಂಡು ಗುಂಡಿ ಹಾಕಿದ.

"ಇಲ್ರಿ. ನೀವು ಯಾವತ್ತು ಕರದ್ರೂ ತರ್ತೀನಿ. ನೋಡ್ರಿ, ಹೊಳ್ಳಿ ಕೊಡ್ರಿ. ನನ್ನ ಎದಿ ನನ್ನ ಕೂಡನ ಮನಿಗೆ ಬರ್ತದ."

ಬಾಗಿಲಲ್ಲಿ ನಿಂತಿದ್ದ ಜನ ದಾರಿ ಬಿಟ್ಟರು. ಅವನು ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದ.